ಬಿಡುವ ಉಸಿರು ಉದ್ದ ಇರಲಿ: ಬಿಪಿ, ಟೆನ್ಷನ್ ಇರುವವರಿಗೆ ಉಸಿರಾಟದ ಅಭ್ಯಾಸ

ನಾಲ್ಕು ವರ್ಷದ ಹಿಂದೆ ಒಂದು ಆರೋಗ್ಯ ಶಿಬಿರದಲ್ಲಿ ನನ್ನ ಬಿಪಿ 158/98 ಬಂತು. ಅಳೆದವರು ನನ್ನ ಮುಖ ನೋಡಿ, "ಗಾಬರಿ ಆಗ್ಬೇಡಿ ಟೀಚರ್, ಐದಾರು ಸಲ ಆಳವಾಗಿ ಉಸಿರಾಡಿ, ಇನ್ನೊಂದ್ಸಲ ನೋಡೋಣ" ಅಂದರು. ಹಾಗೇ ಮಾಡಿದೆ. ಎರಡನೇ ಸಲ 142/88 ಬಂತು. "ನೋಡಿ, ಇಳೀತು. ಟೆನ್ಷನ್‌ಗೆ ಏರಿತ್ತು ಅಷ್ಟೇ" ಅಂದರು. ನಾನು ನೆಮ್ಮದಿಯಿಂದ ಮನೆಗೆ ಬಂದೆ. ಮುಂದೆ ಹತ್ತು ತಿಂಗಳು ಬಿಪಿ ನೋಡಿಸಲೇ ಇಲ್ಲ.

ಆ ಹತ್ತು ತಿಂಗಳು ಬಿಪಿ ಏರಿಯೇ ಇತ್ತು. ತಲೆನೋವಿಲ್ಲ, ತಲೆಸುತ್ತಿಲ್ಲ, ಏನೂ ಇಲ್ಲ. ಬಿಪಿ ಹಾಗೇ, ಸದ್ದು ಮಾಡುವುದಿಲ್ಲ. ಕೊನೆಗೆ ಕನ್ನಡಕದ ನಂಬರ್ ಬದಲಿಸಲು ಹೋದಾಗ ಕಣ್ಣಿನ ಡಾಕ್ಟರ್ ಕಣ್ಣಿನ ಹಿಂಭಾಗದ ರಕ್ತನಾಳ ನೋಡಿ, "ಬಿಪಿ ಚೆಕ್ ಮಾಡಿಸಿದ್ದೀರಾ?" ಎಂದು ಕೇಳಿದರು. ಮಾತ್ರೆ ಶುರುವಾಗಿದ್ದು ಆಮೇಲೆ.

ಇದನ್ನು ಮೊದಲೇ ಹೇಳಲು ಕಾರಣ ಇದೆ. ಆಳವಾಗಿ ಉಸಿರಾಡಿದರೆ ಬಿಪಿ ಇಳಿಯುತ್ತದೆ, ನಿಜ. 2005ರಲ್ಲಿ ಜಪಾನಿನ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ಅದರಲ್ಲಿ 20,000ಕ್ಕೂ ಹೆಚ್ಚು ಜನರನ್ನು ನೋಡಿದ್ದರು. 30 ಸೆಕೆಂಡಿನಲ್ಲಿ ಆರು ಸಲ ಆಳವಾಗಿ ಉಸಿರಾಡಿದವರ ಬಿಪಿ, ಅಷ್ಟೇ ಹೊತ್ತು ಸುಮ್ನೆ ಕುಳಿತವರಿಗಿಂತ ಜಾಸ್ತಿ ಇಳಿದಿತ್ತು. ಆದರೆ ಆ ಇಳಿಕೆ ಸ್ವಲ್ಪ ಹೊತ್ತಿನದು. ದಿನಾ ಮಾಡುವ ಅಭ್ಯಾಸದಿಂದ ವಾರಗಳ ಮೇಲೆ ನಿಧಾನವಾಗಿ ಸಿಗುವ ಇಳಿಕೆ ಬೇರೆ. ಎರಡನ್ನೂ ಒಂದೇ ಅಂದುಕೊಂಡಿದ್ದು ನನ್ನ ತಪ್ಪು. ನೀವು ಆ ತಪ್ಪು ಮಾಡಬಾರದು ಅಂತಲೇ ಇದನ್ನೆಲ್ಲ ಬರೆಯುತ್ತಿದ್ದೇನೆ.

ಉಸಿರಿಗೂ ಬಿಪಿಗೂ ಏನು ಸಂಬಂಧ?

ಓದುತ್ತಲೇ ಒಂದು ಪರೀಕ್ಷೆ ಮಾಡಿ. ಎಡಗೈ ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದ ಕೆಳಗೆ, ಬಲಗೈಯ ಎರಡು ಬೆರಳಿಟ್ಟು ನಾಡಿ ಹಿಡಿಯಿರಿ. ನಿಧಾನವಾಗಿ ಉಸಿರು ಎಳೆದುಕೊಳ್ಳಿ, ಇನ್ನೂ ನಿಧಾನವಾಗಿ ಬಿಡಿ. ಎಳೆಯುವಾಗ ನಾಡಿ ಒಂಚೂರು ಬೇಗ ಬಡಿಯುತ್ತದೆ, ಬಿಡುವಾಗ ನಿಧಾನವಾಗುತ್ತದೆ. ಚಿಕ್ಕ ವಯಸ್ಸಿನವರಿಗೆ ಇದು ಚೆನ್ನಾಗಿ ಗೊತ್ತಾಗುತ್ತದೆ. ವಯಸ್ಸಾದಂತೆ ವ್ಯತ್ಯಾಸ ಸಣ್ಣದಾಗುತ್ತದೆ, ಹಾಗಾಗಿ ಗೊತ್ತಾಗದಿದ್ದರೆ ಚಿಂತೆ ಬೇಡ. ನನ್ನ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಇದನ್ನು ಮಾಡಿಸಿದಾಗ ಇಡೀ ತರಗತಿ ಒಂದು ನಿಮಿಷ ನಿಶ್ಶಬ್ದವಾಗಿತ್ತು.

ಮಿದುಳಿನಿಂದ ಹೃದಯಕ್ಕೆ ವೇಗಸ್ ಎಂಬ ನರ ಬರುತ್ತದೆ. ಹೃದಯಕ್ಕೆ "ಸ್ವಲ್ಪ ನಿಧಾನ" ಎಂದು ಹೇಳುವುದು ಅದರ ಕೆಲಸ. ನಾವು ಉಸಿರು ಬಿಡುವಾಗ ಅದರ ಮಾತು ಹೆಚ್ಚು ನಡೆಯುತ್ತದೆ. ಅದಕ್ಕೇ ಬಿಡುವ ಉಸಿರು ಉದ್ದ ಇರಬೇಕು ಎನ್ನುವುದು. ಇನ್ನೊಂದು ವಿಷಯ ಕತ್ತಿನಲ್ಲಿದೆ. ಮಿದುಳಿಗೆ ಹೋಗುವ ದೊಡ್ಡ ರಕ್ತನಾಳದ ಗೋಡೆಯಲ್ಲಿ ಒತ್ತಡ ಅಳೆಯುವ ನರದ ತುದಿಗಳಿವೆ. ಹೃದಯದ ಹತ್ತಿರದ ಮಹಾಪಧಮನಿಯಲ್ಲೂ ಇವೆ. ಒತ್ತಡ ಏರಿದರೆ ಇವು ಮಿದುಳಿಗೆ ಸುದ್ದಿ ಕೊಡುತ್ತವೆ, ಮಿದುಳು ಹೃದಯವನ್ನು ನಿಧಾನ ಮಾಡಿ ರಕ್ತನಾಳವನ್ನು ಸಡಿಲ ಬಿಡುತ್ತದೆ. ಬಿಪಿ ಇರುವವರಲ್ಲಿ ಈ ವ್ಯವಸ್ಥೆ ಮಂಕಾಗಿರುತ್ತದೆ. ನಿಮಿಷಕ್ಕೆ ಸುಮಾರು ಆರು ಸಲ ಉಸಿರಾಡಿದಾಗ ಅದು ಚುರುಕಾಗುತ್ತದೆ ಎಂದು ಇಟಲಿಯ ವೈದ್ಯರು ತೋರಿಸಿದ್ದಾರೆ.

ಟೆನ್ಷನ್ ಆದಾಗ ಇದಕ್ಕೆ ಪೂರ್ತಿ ಉಲ್ಟಾ. ಅಡ್ರಿನಲಿನ್ ಎಂಬ ಹಾರ್ಮೋನ್ ಹರಿಯುತ್ತದೆ, ಹೃದಯ ಜೋರಾಗಿ ಬಡಿಯುತ್ತದೆ, ರಕ್ತನಾಳ ಬಿಗಿಯಾಗುತ್ತದೆ, ಉಸಿರು ಎದೆಯ ಮೇಲ್ಭಾಗದಲ್ಲೇ ಗಿರಕಿ ಹೊಡೆಯುತ್ತದೆ. ಇವುಗಳಲ್ಲಿ ನಮ್ಮ ಮಾತು ನೇರವಾಗಿ ಕೇಳುವುದು ಉಸಿರು ಒಂದೇ. ಹೃದಯಕ್ಕೆ "ನಿಧಾನ" ಅಂದರೆ ಕೇಳುವುದಿಲ್ಲ. ಉಸಿರಿನ ಮೂಲಕ ಹೇಳಿಸಬೇಕು.

ಮೊದಲು ಸರಿಯಾಗಿ ಅಳೆಯಿರಿ

ಅಭ್ಯಾಸ ಶುರು ಮಾಡುವ ಮುಂಚೆ ಒಂದು ವಾರ ಬರೀ ಅಳೆಯಿರಿ. ಎಲ್ಲಿಂದ ಹೊರಟೆವು ಅಂತ ಗೊತ್ತಿಲ್ಲದಿದ್ದರೆ ಎಲ್ಲಿಗೆ ಬಂದೆವು ಅನ್ನುವುದೂ ಗೊತ್ತಾಗುವುದಿಲ್ಲ. ಮನೆಯಲ್ಲಿ ಮೆಷಿನ್ ಇದ್ದರೆ ಒಳ್ಳೆಯದು. ಮಣಿಕಟ್ಟಿಗೆ ಕಟ್ಟುವುದಲ್ಲ, ತೋಳಿಗೆ ಪಟ್ಟಿ ಸುತ್ತುವಂಥದ್ದು ತಗೊಳ್ಳಿ. ತೋಳು ದಪ್ಪ ಇರುವವರು ದೊಡ್ಡ ಪಟ್ಟಿ ಕೇಳಿ ತಗೊಳ್ಳಬೇಕು. ಚಿಕ್ಕ ಪಟ್ಟಿಯಲ್ಲಿ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಮೆಷಿನ್ ಇಲ್ಲದವರು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಸರ್ಕಾರದ "ನಮ್ಮ ಕ್ಲಿನಿಕ್"ನಲ್ಲೋ ನೋಡಿಸಬಹುದು.

ಅಳೆಯುವುದರಲ್ಲೂ ಕ್ರಮ ಇದೆ. ಅರ್ಧ ಗಂಟೆ ಮುಂಚೆ ಕಾಫಿ, ಟೀ, ಬೀಡಿ, ಸಿಗರೇಟು, ತಂಬಾಕು ಯಾವುದೂ ಬೇಡ. ಮೂತ್ರ ಕಟ್ಟಿಕೊಂಡು ಕೂರಬೇಡಿ, ಅದೊಂದೇ ಸಾಕು ಬಿಪಿ ಏರಿಸಲು. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಕುಳಿತು ಎರಡೂ ಪಾದ ನೆಲಕ್ಕೆ ಊರಿ. ಕಾಲ ಮೇಲೆ ಕಾಲು ಹಾಕಬೇಡಿ. ಐದು ನಿಮಿಷ ಸುಮ್ನೆ ಕುಳಿತಿರಿ. ಕೈ ಮೇಜಿನ ಮೇಲೆ, ಎದೆಯ ಮಟ್ಟದಲ್ಲಿರಲಿ. ಪಟ್ಟಿಯನ್ನು ಬರಿ ತೋಳಿಗೆ ಸುತ್ತಬೇಕು, ರವಿಕೆಯ ಅಥವಾ ಶರ್ಟಿನ ತೋಳಿನ ಮೇಲೆ ಅಲ್ಲ. ಅಳೆಯುವಾಗ ಮಾತಾಡಬೇಡಿ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ಅಳೆಯಿರಿ, ಎರಡನ್ನೂ ಬರೆದಿಡಿ.

ಬೆಳಗ್ಗೆ ಮಾತ್ರೆಗೂ ತಿಂಡಿಗೂ ಮುಂಚೆ ಎರಡು ಸಲ, ಸಂಜೆ ಎರಡು ಸಲ. ಹೀಗೆ ಏಳು ದಿನ. ಮೊದಲ ದಿನದ್ದನ್ನು ಬಿಟ್ಟು ಉಳಿದದ್ದರ ಸರಾಸರಿ ತೆಗೆಯಿರಿ. ಆಸ್ಪತ್ರೆಯಲ್ಲಿ 140/90 ಅಥವಾ ಅದಕ್ಕಿಂತ ಜಾಸ್ತಿ ಬರುತ್ತಿದ್ದರೆ ಏರು ರಕ್ತದೊತ್ತಡ ಎನ್ನುತ್ತಾರೆ. ಮನೆಯಲ್ಲಿ ಅಳೆದದ್ದಕ್ಕೆ ಆ ಗಡಿ 135/85.

ಮುಖ್ಯವಾದ ಮಾತು: ಅಳೆಯುವ ಮುಂಚೆ ಉಸಿರಾಟದ ಅಭ್ಯಾಸ ಮಾಡಬೇಡಿ. ಮೊದಲು ಅಳತೆ, ಆಮೇಲೆ ಅಭ್ಯಾಸ. ಡಾಕ್ಟರ್ ಹತ್ತಿರ ಹೋದಾಗಲೂ ಅಷ್ಟೇ. ಹೊರಗೆ ಬೆಂಚಿನ ಮೇಲೆ ಕುಳಿತು ಉಸಿರಾಡಿ ಸಂಖ್ಯೆ ಇಳಿಸಿಕೊಂಡು ಒಳಗೆ ಹೋದರೆ, ಡಾಕ್ಟರ್‌ಗೆ ತಪ್ಪು ಲೆಕ್ಕ ಕೊಟ್ಟ ಹಾಗಾಗುತ್ತದೆ. ಅವರು ಆ ಲೆಕ್ಕ ನೋಡಿಯೇ ಮಾತ್ರೆ ಬರೆಯುತ್ತಾರೆ.

ನಿಮ್ಮ ಉಸಿರು ನಿಮಿಷಕ್ಕೆ ಎಷ್ಟು?

ಗೋಡೆ ಗಡಿಯಾರದ ಮುಂದೆ ಕುಳಿತು ಒಂದು ನಿಮಿಷ ಎಣಿಸಿ. ಎಳೆದು ಬಿಟ್ಟರೆ ಒಂದು. ಸಾಮಾನ್ಯವಾಗಿ ದೊಡ್ಡವರಲ್ಲಿ 12ರಿಂದ 20 ಇರುತ್ತದೆ. ನಾನು ಮೊದಲ ಸಲ ಎಣಿಸಿದಾಗ 19 ಇತ್ತು. ಎಷ್ಟಿದ್ದರೂ ಬರೆದಿಟ್ಟುಕೊಳ್ಳಿ. ಅಭ್ಯಾಸದ ಹೊತ್ತಿನಲ್ಲಿ ಅದನ್ನು ನಿಧಾನವಾಗಿ ಆರರ ಹತ್ತಿರ ತರುವುದು ನಮ್ಮ ಗುರಿ. ದಿನವಿಡೀ ಆರೇ ಉಸಿರಾಡಬೇಕು ಅಂತಲ್ಲ.

ಮೊದಲ ವಾರ: ಹೊಟ್ಟೆಯಿಂದ ಉಸಿರಾಟ

ಮಲಗಿರುವ ಮಗುವನ್ನು ನೋಡಿ. ಅದರ ಹೊಟ್ಟೆ ಏರಿಳಿಯುತ್ತದೆ, ಎದೆ ಅಷ್ಟಾಗಿ ಅಲ್ಲ. ನಾವು ದೊಡ್ಡವರಾಗುತ್ತಾ ಅದನ್ನು ಮರೆತಿದ್ದೇವೆ. "ಆಳವಾಗಿ ಉಸಿರಾಡಿ" ಅಂದರೆ ಮುಕ್ಕಾಲು ಜನ ಭುಜ ಮೇಲೆತ್ತಿ, ಎದೆ ಉಬ್ಬಿಸಿ, ಹೊಟ್ಟೆ ಒಳಗೆ ಎಳೆದುಕೊಳ್ಳುತ್ತಾರೆ. ಅದು ಆಳದ ಉಸಿರಲ್ಲ. ಶ್ವಾಸಕೋಶದ ಕೆಳಗೆ ವಪೆ ಎಂಬ ಸ್ನಾಯುವಿನ ಹಾಳೆ ಇದೆ. ಅದು ಕೆಳಗಿಳಿದರೆ ಗಾಳಿ ಒಳಗೆ ಬರುತ್ತದೆ. ಅದು ಇಳಿಯಬೇಕಾದರೆ ಹೊಟ್ಟೆ ಮುಂದೆ ಬರಲೇಬೇಕು.

ಚಾಪೆಯ ಮೇಲೆ ಬೆನ್ನಡಿ ಮಾಡಿ ಮಲಗಿ. ತಲೆಗೆ ತೆಳ್ಳನೆಯ ದಿಂಬು ಇರಲಿ. ಮಂಡಿ ಮಡಚಿ ಪಾದ ನೆಲಕ್ಕೆ ಊರಿ. ಒಂದು ಕೈ ಎದೆಯ ಮೇಲೆ, ಇನ್ನೊಂದು ಹೊಕ್ಕಳಿನ ಮೇಲೆ. ಮೂಗಿನಿಂದ ಉಸಿರು ತೆಗೆದುಕೊಳ್ಳಿ. ಹೊಕ್ಕಳ ಮೇಲಿನ ಕೈ ಏರಬೇಕು, ಎದೆಯ ಮೇಲಿನ ಕೈ ಹೆಚ್ಚುಕಡಿಮೆ ಅಲ್ಲೇ ಇರಬೇಕು. ಬಿಡುವಾಗ ಹೊಟ್ಟೆ ತಾನಾಗಿ ಇಳಿಯಲಿ, ಒತ್ತಬೇಡಿ. ಕೈ ಏರುತ್ತಿದೆಯೋ ಇಲ್ಲವೋ ಗೊತ್ತಾಗದಿದ್ದರೆ ಅರ್ಧ ಕೆಜಿ ಅಕ್ಕಿಯ ಪೊಟ್ಟಣ ಹೊಟ್ಟೆಯ ಮೇಲಿಟ್ಟುಕೊಳ್ಳಿ. ಪೊಟ್ಟಣ ಏರಿ ಇಳಿಯುವುದು ಕಣ್ಣಿಗೇ ಕಾಣುತ್ತದೆ. ನನಗೆ ಇದು ಕೈವಶ ಆಗಲು ನಾಲ್ಕು ದಿನ ಹಿಡಿಯಿತು.

ಈ ವಾರ ಎಣಿಕೆ ಬೇಡ. ದಿನಕ್ಕೆ ಐದು ನಿಮಿಷ ಸಾಕು. ಊಟವಾಗಿ ಎರಡು ಗಂಟೆಯಾದರೂ ಆಗಿರಲಿ.

ಎರಡನೇ ವಾರದಿಂದ: ನಾಲ್ಕು ಒಳಗೆ, ಆರು ಹೊರಗೆ

ಇದೇ ನಮ್ಮ ದಿನದ ಅಭ್ಯಾಸ. ಉಳಿದದ್ದೆಲ್ಲ ಇದರ ಸುತ್ತಮುತ್ತ.

1. ಕುರ್ಚಿಯಲ್ಲಿ ಕುಳಿತುಕೊಳ್ಳಿ. ನೆಲದ ಮೇಲೆ ಸುಖಾಸನ ಹಾಕಲು ಆಗುವವರು ಹಾಗೂ ಕೂರಬಹುದು. ಮಂಡಿನೋವು ಇರುವವರು ಹಟ ಮಾಡಬೇಡಿ. ಕುರ್ಚಿಯಲ್ಲಿ ಕುಳಿತರೆ ಫಲ ಕಮ್ಮಿ ಆಗುವುದಿಲ್ಲ.

2. ಸೀರೆಯ ನೆರಿಗೆ, ಪ್ಯಾಂಟಿನ ಬೆಲ್ಟು, ಹೊಟ್ಟೆಯ ಸುತ್ತ ಏನು ಬಿಗಿ ಇದ್ದರೂ ಸಡಿಲ ಮಾಡಿ. ಭುಜ ಕೆಳಗೆ ಬಿಡಿ. ಹಲ್ಲು ಕಚ್ಚಿಕೊಂಡಿದ್ದರೆ ಬಿಡಿ. ನಾಲಿಗೆಯನ್ನೂ ಸಡಿಲ ಬಿಡಿ. (ದವಡೆ ಬಿಗಿ ಇದ್ದರೆ ಉಸಿರು ಸಡಿಲ ಆಗುವುದೇ ಇಲ್ಲ, ಮಾಡಿ ನೋಡಿ.)

3. ಮೊದಲು ಒಳಗಿರುವ ಉಸಿರನ್ನು ಪೂರ್ತಿ ಬಿಡಿ. ಯಾವಾಗಲೂ ಬಿಡುವುದರಿಂದ ಶುರು ಮಾಡಿ.

4. ಮೂಗಿನಿಂದ ಮೂರು ಎಣಿಸುವಷ್ಟು ಹೊತ್ತು ಎಳೆದುಕೊಳ್ಳಿ. ಒಂದು ಎಣಿಕೆ ಅಂದರೆ ಗಡಿಯಾರದ ಒಂದು ಟಿಕ್. ಪೂರ್ತಿ ತುಂಬಿಸಬೇಡಿ. ಊಟ ಮಾಡುವಾಗ ಹೊಟ್ಟೆಯಲ್ಲಿ ಸ್ವಲ್ಪ ಜಾಗ ಬಿಡುತ್ತೇವಲ್ಲ, ಹಾಗೆ.

5. ತಡೆಯದೆ, ನಿಲ್ಲಿಸದೆ, ನಾಲ್ಕು ಎಣಿಸುವಷ್ಟು ಹೊತ್ತು ಮೂಗಿನಿಂದಲೇ ಬಿಡಿ. ಬಿಸಿ ಕಾಫಿಗೆ ಊದುವ ಹಾಗೆ ತುಟಿ ಚೂಪು ಮಾಡಿ ಬಾಯಿಂದ ಬಿಟ್ಟರೂ ಆಗುತ್ತದೆ. ಶುರುವಿನಲ್ಲಿ ಕೆಲವರಿಗೆ ಅದೇ ಸುಲಭ.

6. ನಾಲ್ಕೈದು ದಿನ ಇದು ಹಿತವಾಗಿ ಬಂದ ಮೇಲೆ ನಾಲ್ಕು ಒಳಗೆ, ಐದು ಹೊರಗೆ. ಆಮೇಲೆ ನಾಲ್ಕು ಒಳಗೆ, ಆರು ಹೊರಗೆ. ಒಟ್ಟು ಹತ್ತು ಸೆಕೆಂಡಿಗೆ ಒಂದು ಉಸಿರು, ನಿಮಿಷಕ್ಕೆ ಆರು.

7. ಐದು ನಿಮಿಷದಿಂದ ಶುರು ಮಾಡಿ ವಾರಕ್ಕೆ ಎರಡೆರಡು ನಿಮಿಷ ಸೇರಿಸುತ್ತಾ ಹದಿನೈದಕ್ಕೆ ಬನ್ನಿ.

8. ಮುಗಿದ ಕೂಡಲೇ ಎದ್ದು ಓಡಬೇಡಿ. ಎಣಿಕೆ ಬಿಟ್ಟು ಒಂದು ನಿಮಿಷ ಮಾಮೂಲಿ ಉಸಿರಾಡಿ, ಆಮೇಲೆ ನಿಧಾನವಾಗಿ ಏಳಿ. ಬಿಪಿ ಮಾತ್ರೆ ತಗೊಳ್ಳುವವರಿಗೆ ಥಟ್ಟನೆ ಎದ್ದರೆ ತಲೆ ಸುತ್ತಬಹುದು.

ಎಣಿಕೆಯ ಬಗ್ಗೆ ಒಂದು ಮಾತು. ನಾಲ್ಕು-ಆರು ನಿಮಗೆ ಬರಲೇ ಇಲ್ಲ ಅಂದರೆ ಮೂರು-ಐದರಲ್ಲೇ ಇರಿ. ಆರು ಎಣಿಸಿದ ಮೇಲೆ ಮುಂದಿನ ಉಸಿರಿಗೆ ಗಬಗಬ ಬಾಯಿ ತೆರೆಯುವಂತಾದರೆ ನೀವು ಉಸಿರನ್ನು ಜಾಸ್ತಿ ಉದ್ದ ಮಾಡಿದ್ದೀರಿ ಅಂತ ಅರ್ಥ. ಒದ್ದಾಡಿ ಮಾಡಿದ ನಿಧಾನದ ಉಸಿರಿಗಿಂತ ಹಾಯಾಗಿ ಮಾಡಿದ ಸ್ವಲ್ಪ ಬೇಗದ ಉಸಿರೇ ಮೇಲು. ನಮ್ಮ ಬೀದಿಯ ಹಿರಿಯರೊಬ್ಬರು ಮೊದಲ ದಿನವೇ ಎಂಟು-ಹದಿನಾರು ಮಾಡಲು ಹೋಗಿ ಮುಖ ಕೆಂಪಾಗಿಸಿಕೊಂಡಿದ್ದರು. ಈಗ ಮೂರು-ಐದರಲ್ಲಿದ್ದಾರೆ, ಒಂದು ದಿನವೂ ತಪ್ಪಿಸುವುದಿಲ್ಲ.

ನಮ್ಮ ಅತ್ತೆಯ ಜಪ

ಎಪ್ಪತ್ತನಾಲ್ಕು ವರ್ಷದ ನಮ್ಮ ಅತ್ತೆಗೆ ಎಣಿಕೆ ಹಿಡಿಸಲಿಲ್ಲ. "ನಾನು ದಿನಾ ಬೆಳಗ್ಗೆ ಜಪ ಮಾಡ್ತೀನಲ್ಲ, ಅದೂ ಇದೇ ತಾನೇ ಕಣೇ?" ಅಂದರು. ಅವತ್ತು ಅವರ ಪಕ್ಕ ಕುಳಿತು ಗಡಿಯಾರ ನೋಡಿದೆ. "ಓಂ ನಮಃ ಶಿವಾಯ" ಎಂದು ಎಳೆದು ಹೇಳಿ ಮುಗಿಸುವ ಹೊತ್ತಿಗೆ ಅವರ ಉಸಿರು ಪೂರ್ತಿ ಹೊರಗೆ ಬಂದಿರುತ್ತಿತ್ತು. ನಿಮಿಷಕ್ಕೆ ಏಳು. ಅವರು ಹೇಳಿದ್ದು ಸರಿಯಾಗಿತ್ತು.

ಇದರ ಬಗ್ಗೆ ಅಧ್ಯಯನವೂ ಆಗಿದೆ. ಇಟಲಿಯ ಪಾವಿಯಾ ವಿಶ್ವವಿದ್ಯಾಲಯದ ವೈದ್ಯ ಲೂಚಾನೊ ಬೆರ್ನಾರ್ಡಿ ಮತ್ತು ಜೊತೆಯವರು 2001ರಲ್ಲಿ ಅದನ್ನು ಪ್ರಕಟಿಸಿದರು. ಕ್ರೈಸ್ತರು ಜಪಮಾಲೆ ಹಿಡಿದು ಲ್ಯಾಟಿನ್‌ನಲ್ಲಿ ಹೇಳುವ ಮರಿಯಮ್ಮನ ಪ್ರಾರ್ಥನೆಯನ್ನೂ "ಓಂ ಮಣಿ ಪದ್ಮೇ ಹೂಂ" ಮಂತ್ರವನ್ನೂ 23 ಜನರಿಂದ ಹೇಳಿಸಿ ಅಳೆದರು. ಎರಡರಲ್ಲೂ ಉಸಿರು ತಾನಾಗಿ ನಿಮಿಷಕ್ಕೆ ಆರರ ಹತ್ತಿರ ಬಂದು ನಿಂತಿತ್ತು. ಕತ್ತಿನ ರಕ್ತನಾಳದ ಆ ಒತ್ತಡ ಅಳೆಯುವ ವ್ಯವಸ್ಥೆಯೂ ಚುರುಕಾಗಿತ್ತು.

ಹಾಗಾಗಿ ನಿಮಗೆ ಯಾವುದು ಆಪ್ತವೋ ಅದನ್ನೇ ಹೇಳಿ. ದೇವರ ನಾಮ, ವಚನದ ಒಂದು ಸಾಲು, ತಸ್ಬೀಹ್, ಜಪಮಾಲೆ, ಯಾವುದಾದರೂ ಸರಿ. ಒಂದು ಸಾಲಿಗೆ ಒಂದೇ ಉಸಿರು, ಅವಸರ ಇರಬಾರದು, ಅಷ್ಟೇ. ಬಸ್ಸಿಗೆ ಹೊತ್ತಾಯಿತು ಅಂತ ಗಡಗಡ ಹೇಳಿ ಮುಗಿಸಿದರೆ ಪುಣ್ಯ ಬರಬಹುದು, ಬಿಪಿಗೆ ಉಪಯೋಗವಿಲ್ಲ. ದೇವರ ಮನೆಯಲ್ಲಿ ಕೂರುವವರು ಊದುಬತ್ತಿ ಹಚ್ಚುವುದನ್ನು ಅಭ್ಯಾಸ ಮುಗಿದ ಮೇಲೆ ಇಟ್ಟುಕೊಳ್ಳಿ. ಮುಚ್ಚಿದ ಕೋಣೆಯಲ್ಲಿ ಆ ಹೊಗೆಯನ್ನು ಆಳವಾಗಿ ಎಳೆದುಕೊಳ್ಳುವುದು ಒಳ್ಳೆಯದಲ್ಲ.

ಭ್ರಮರಿ ಮತ್ತು ಅನುಲೋಮ ವಿಲೋಮ

ನಾಲ್ಕು-ಆರು ಚೆನ್ನಾಗಿ ಕೂತ ಮೇಲೆ ಬೇಕಿದ್ದರೆ ಇವೆರಡನ್ನು ಸೇರಿಸಿಕೊಳ್ಳಿ.

ಭ್ರಮರಿಗೆ ಮೂಗಿನಿಂದ ಉಸಿರು ತೆಗೆದುಕೊಂಡು, ಬಾಯಿ ಮುಚ್ಚಿ, "ಮ್‌‌…" ಎಂದು ದುಂಬಿಯ ಹಾಗೆ ಗುಂಯ್‌ಗುಡುತ್ತಾ ಬಿಡಬೇಕು. ದನಿ ಮೆಲ್ಲಗಿರಲಿ. ತುಟಿಯಲ್ಲಿ, ಮೂಗಿನಲ್ಲಿ ಕಂಪನ ಗೊತ್ತಾದರೆ ಸಾಕು. ಕಿವಿ ಮುಚ್ಚುವುದು ನಿಮ್ಮಿಷ್ಟ. ಐದರಿಂದ ಹತ್ತು ಸಲ ಮಾಡಿ. ಹೀಗೆ ಗುಂಯ್‌ಗುಡುವಾಗ ಮೂಗಿನಿಂದ ಹೊರಬರುವ ನೈಟ್ರಿಕ್ ಆಕ್ಸೈಡ್ ಅನಿಲ ಸುಮಾರು 15 ಪಟ್ಟು ಜಾಸ್ತಿ ಆಗುತ್ತದೆ ಎಂದು 2002ರಲ್ಲಿ ಸ್ವೀಡನ್ನಿನ ಸಂಶೋಧಕರು ಅಳೆದಿದ್ದಾರೆ. ನೈಟ್ರಿಕ್ ಆಕ್ಸೈಡ್ ರಕ್ತನಾಳ ಸಡಿಲಿಸುತ್ತದೆ ಅಂತ ಕೇಳಿ ಕೆಲವರು ಇದೇ ಬಿಪಿಗೆ ಮದ್ದು ಅನ್ನುತ್ತಾರೆ. ನಾನು ಅಷ್ಟು ದೂರ ಹೋಗುವುದಿಲ್ಲ. ಭ್ರಮರಿ ನನಗೆ ಇಷ್ಟವಾಗುವುದು ಇನ್ನೊಂದು ಕಾರಣಕ್ಕೆ. ದನಿ ಹೊರಡಿಸುತ್ತಾ ಉಸಿರನ್ನು ಬೇಗ ಬಿಡಲು ಆಗುವುದಿಲ್ಲ. ಎಣಿಸದೆಯೇ ಅದು ಉದ್ದವಾಗುತ್ತದೆ. ರಾತ್ರಿ ಮಲಗುವ ಮುಂಚೆ ಮಾಡಿದರೆ ಒಳ್ಳೆಯ ನಿದ್ದೆ.

ಅನುಲೋಮ ವಿಲೋಮಕ್ಕೆ ಬಲಗೈ ಹೆಬ್ಬೆರಳಿನಿಂದ ಬಲ ಹೊಳ್ಳೆ ಮುಚ್ಚಿ, ಎಡದಿಂದ ಎಳೆಯಿರಿ. ಉಂಗುರದ ಬೆರಳಿನಿಂದ ಎಡ ಹೊಳ್ಳೆ ಮುಚ್ಚಿ, ಬಲದಿಂದ ಬಿಡಿ. ಮತ್ತೆ ಬಲದಿಂದಲೇ ಎಳೆದು ಎಡದಿಂದ ಬಿಡಿ. ಇದು ಒಂದು ಸುತ್ತು. ಬಿಪಿ ಇರುವವರು ಮಧ್ಯೆ ಉಸಿರು ತಡೆಯಬಾರದು. ಮೂಗು ಕಟ್ಟಿದ ದಿನ ಇದನ್ನು ಬಿಟ್ಟುಬಿಡಿ.

ಸಿಟ್ಟು ನೆತ್ತಿಗೇರಿದಾಗ

ದಿನದ ಹದಿನೈದು ನಿಮಿಷ ಒಂದು ಕಡೆ. ಆದರೆ ಮಧ್ಯಾಹ್ನ ಮೂರು ಗಂಟೆಗೆ ಯಾರೋ ಫೋನ್ ಮಾಡಿ ಕೂಗಾಡಿದಾಗ ಏನು ಮಾಡುವುದು?

ಅದಕ್ಕೆ ನಮ್ಮಲ್ಲೇ ಒಂದು ಉಸಿರಿದೆ, ನಿಟ್ಟುಸಿರು. ಮನೆಯಲ್ಲಿ ಯಾರಾದರೂ ನಿಟ್ಟುಸಿರು ಬಿಟ್ಟರೆ "ಯಾಕೆ, ಏನಾಯ್ತು?" ಎಂದು ಕೇಳುತ್ತೇವೆ. ಅದನ್ನು ದುಃಖದ ಗುರುತು ಅಂದುಕೊಂಡಿದ್ದೇವೆ. ಆದರೆ ಮೈ ತನ್ನನ್ನು ತಾನೇ ಹಗುರ ಮಾಡಿಕೊಳ್ಳುವ ದಾರಿಯೂ ಅದೇ. ಬೇಕೆಂದೇ ಮಾಡುವುದು ಹೀಗೆ: ಮೂಗಿನಿಂದ ಉಸಿರು ಎಳೆದುಕೊಳ್ಳಿ. ಬಿಡುವ ಮುಂಚೆ ಅದರ ಮೇಲೆ ಇನ್ನೊಂದು ಚಿಕ್ಕ ಗುಟುಕು ಎಳೆಯಿರಿ. ಆಮೇಲೆ ಬಾಯಿಂದ ಉದ್ದಕ್ಕೆ, ಪೂರ್ತಿ ಖಾಲಿಯಾಗುವವರೆಗೆ ಬಿಡಿ. ಮೂರು ಸಲ ಸಾಕು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಇಂಥ ನಿಟ್ಟುಸಿರನ್ನು ಜನರಿಂದ ದಿನಕ್ಕೆ ಐದು ನಿಮಿಷ, ಒಂದು ತಿಂಗಳು ಮಾಡಿಸಿ ನೋಡಿದರು. ಅವರ ವರದಿ 2023ರಲ್ಲಿ ಬಂತು. ಅಷ್ಟೇ ಹೊತ್ತು ಧ್ಯಾನ ಮಾಡಿದವರಿಗಿಂತ ಇವರ ಮನಸ್ಸು ಹೆಚ್ಚು ಉಲ್ಲಾಸವಾಗಿತ್ತು.

ಪೋಷಕರ ಸಭೆಗೆ ಹೋಗುವ ಮುಂಚೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ನಾನು ಇದನ್ನು ಮಾಡುತ್ತೇನೆ. ಸಿಗ್ನಲ್‌ನಲ್ಲಿ ಗಾಡಿ ನಿಂತಾಗ ಮಾತ್ರ ಬೇಡ, ಅಲ್ಲಿರುವುದು ಹೊಗೆ. ಮನೆಯಲ್ಲಿ ಕುಕ್ಕರ್ ಒಂದು ಸೀಟಿ ಹೊಡೆದು ಇನ್ನೊಂದು ಹೊಡೆಯುವವರೆಗೆ ಒಲೆಯಿಂದ ಸ್ವಲ್ಪ ಈಚೆ, ಕಿಟಕಿಯ ಹತ್ತಿರ ನಿಂತು ಮಾಡಬಹುದು. "ಉಸಿರಾಡೋಕೂ ಪುರುಸೊತ್ತಿಲ್ಲ" ಎಂದು ದಿನಾ ಹೇಳುವ ನನ್ನ ತಂಗಿ ಈಗ ಕುಕ್ಕರ್ ಲೆಕ್ಕದಲ್ಲೇ ಅಭ್ಯಾಸ ಮಾಡುತ್ತಾಳೆ.

ಬಿಪಿ ಇರುವವರು ಮಾಡಬಾರದ್ದು

ಜೋರಾಗಿ, ಬೇಗಬೇಗ ಉಸಿರಾಡುವ ಕಪಾಲಭಾತಿ, ಭಸ್ತ್ರಿಕಾ ಬೇಡ. ಬೆಳಗ್ಗೆ ಪಾರ್ಕಿನಲ್ಲಿ ಎಲ್ಲರೂ ಒಟ್ಟಿಗೆ ಜೋರಾಗಿ ಮಾಡುವಾಗ ಸುಮ್ಮನಿರುವುದು ಕಷ್ಟ, ಗೊತ್ತು. ಆದರೂ ಹೇಳುತ್ತೇನೆ, ಬೇಡ. ಇವು ಮೈಯನ್ನು ಎಬ್ಬಿಸುವ ಉಸಿರುಗಳು. ನಮಗೆ ಬೇಕಿರುವುದು ತಣಿಸುವ ಉಸಿರು. ಬಿಪಿ ಹತೋಟಿಗೆ ಬಂದು, ಡಾಕ್ಟರ್ ಒಪ್ಪಿ, ತಿಳಿದ ಗುರುಗಳು ಎದುರಿಗಿದ್ದರೆ ಆಮೇಲಿನ ಮಾತು.

ಕುಂಭಕ, ಅಂದರೆ ಉಸಿರು ತಡೆಯುವುದೂ ಬೇಡ. ಏಳು ಎಣಿಸುವವರೆಗೆ ಹಿಡಿದಿಡಿ ಎನ್ನುವ ವಿಡಿಯೋಗಳು ಮೊಬೈಲ್‌ನಲ್ಲಿ ಬಹಳ ಓಡಾಡುತ್ತವೆ. ಉಸಿರು ಬಿಗಿಹಿಡಿದು ತಿಣುಕಿದರೆ ಬಿಪಿ ಥಟ್ಟನೆ ಏರುತ್ತದೆ. ಇದು ಅಭ್ಯಾಸಕ್ಕೆ ಮಾತ್ರವಲ್ಲ. ಗ್ಯಾಸ್ ಸಿಲಿಂಡರ್, ನೀರಿನ ಕೊಡ ಎತ್ತುವಾಗ, ಮಲಬದ್ಧತೆಯಲ್ಲಿ ತಿಣುಕುವಾಗ ಕೂಡ ಹಾಗೇ ಆಗುತ್ತದೆ. ಭಾರ ಎತ್ತುವಾಗ ಉಸಿರು ಬಿಡುತ್ತಾ ಎತ್ತಿ.

ಗರ್ಭಿಣಿಯರು, ಆಸ್ತಮಾ ಅಥವಾ ಶ್ವಾಸಕೋಶದ ಬೇರೆ ಕಾಯಿಲೆ ಇರುವವರು, ಇತ್ತೀಚೆಗೆ ಹೃದಯಾಘಾತವೋ ಆಪರೇಷನ್ನೋ ಆದವರು ಡಾಕ್ಟರನ್ನು ಕೇಳಿಯೇ ಶುರು ಮಾಡಿ.

ಎಷ್ಟು ಇಳಿಯುತ್ತದೆ?

ಎಲ್ಲರೂ ಕೇಳುವ ಪ್ರಶ್ನೆ ಇದು. ಬೆರ್ನಾರ್ಡಿ ಅವರ ತಂಡವೇ 2005ರಲ್ಲಿ ಬಿಪಿ ಇರುವ 20 ಜನರನ್ನು ನಿಮಿಷಕ್ಕೆ ಆರು ಉಸಿರಿನಲ್ಲಿ ಕೂರಿಸಿ ಅಳೆದಾಗ ಮೇಲಿನ ಸಂಖ್ಯೆ ಎಂಟು ಒಂಬತ್ತು ಅಂಶ ಇಳಿದಿತ್ತು. ಅದು ಆ ಕ್ಷಣದ್ದು. ತಿಂಗಳುಗಟ್ಟಲೆ ಮಾಡಿದವರಲ್ಲಿ ಉಳಿಯುವ ಇಳಿಕೆ ಸಾಮಾನ್ಯವಾಗಿ ಅದಕ್ಕಿಂತ ಕಮ್ಮಿ. ಕೆಲವರಿಗೆ ಇಳಿಯುವುದೇ ಇಲ್ಲ.

ಉಸಿರನ್ನು ನಿಧಾನ ಮಾಡಿಸುವ ಒಂದು ಯಂತ್ರವೂ ಬಂದಿದೆ. ಅಮೆರಿಕದ ಹಾರ್ಟ್ ಅಸೋಸಿಯೇಷನ್ 2013ರಲ್ಲಿ, ಚಿಕಿತ್ಸೆಯ ಜೊತೆಗೆ ಇಂಥದ್ದನ್ನು ಬಳಸಬಹುದು ಎಂದಿತು. ಆದರೆ ಕಂಪನಿಯ ನಂಟಿದ್ದ ಅಧ್ಯಯನಗಳನ್ನು ಬಿಟ್ಟು ಲೆಕ್ಕ ಹಾಕಿದರೆ ಲಾಭ ಕಾಣಲಿಲ್ಲ ಎಂದು 2012ರಲ್ಲೇ ಇನ್ನೊಂದು ವಿಶ್ಲೇಷಣೆ ಹೇಳಿತ್ತು. ಆ ಯಂತ್ರಕ್ಕೆ ದುಡ್ಡು ಹಾಕಿ ಎಂದು ನಾನಂತೂ ಹೇಳುವುದಿಲ್ಲ. ಗೋಡೆ ಗಡಿಯಾರ ಸಾಕು.

ಆದ್ದರಿಂದ ಇದು ಮಾತ್ರೆಯ ಬದಲಿಗೆ ಅಲ್ಲ, ಮಾತ್ರೆಯ ಜೊತೆಗೆ. ಅಡುಗೆಯ ಉಪ್ಪು, ಉಪ್ಪಿನಕಾಯಿ, ಹಪ್ಪಳ ಎಲ್ಲ ಸೇರಿ ದಿನಕ್ಕೆ ಐದು ಗ್ರಾಂ ಉಪ್ಪು ದಾಟಬಾರದು. ನಡಿಗೆ, ನಿದ್ದೆ ಬೇಕು. ತಂಬಾಕು ಬಿಡಬೇಕು. ಇವುಗಳ ಜೊತೆ ಉಸಿರೂ ಒಂದು.

ಮಾಡುವಾಗ ಬರುವ ತೊಂದರೆಗಳು

ತಲೆ ಹಗುರ ಆಗುವುದು, ಬೆರಳ ತುದಿ, ತುಟಿ ಜುಮ್ಮೆನ್ನುವುದು ಶುರುವಿನಲ್ಲಿ ಸಾಮಾನ್ಯ. ಜಾಸ್ತಿ ಗಾಳಿ ಎಳೆದು ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಮ್ಮಿ ಆದರೆ ಹೀಗಾಗುತ್ತದೆ. ನಿಲ್ಲಿಸಿ, ಮಾಮೂಲಿ ಉಸಿರಾಡಿ. ಮುಂದಿನ ಸಲ ಕಮ್ಮಿ ಗಾಳಿ ಎಳೆಯಿರಿ. "ಆಳ" ಅನ್ನುವ ಪದವೇ ಇಲ್ಲಿ ದಾರಿ ತಪ್ಪಿಸುತ್ತದೆ. ನಮಗೆ ಬೇಕಿರುವುದು ಜಾಸ್ತಿ ಗಾಳಿಯಲ್ಲ, ನಿಧಾನ.

ಕಣ್ಣು ಮುಚ್ಚಿದ ಕೂಡಲೇ ಚಿಂತೆಗಳು ಮುತ್ತಿಕೊಳ್ಳುತ್ತವೆ ಎಂದು ಬಹಳ ಜನ ಹೇಳುತ್ತಾರೆ. ಕಣ್ಣು ತೆರೆದೇ ಮಾಡಿ. ಕಿಟಕಿಯಾಚೆ ಮರವೋ, ದೀಪವೋ, ಏನಾದರೂ ನೋಡುತ್ತಾ ಕುಳಿತರೂ ಉಸಿರು ತನ್ನ ಕೆಲಸ ಮಾಡುತ್ತದೆ. ಉಸಿರಿನ ಕಡೆ ಗಮನ ಕೊಟ್ಟಷ್ಟೂ ಗಾಬರಿಯೇ ಜಾಸ್ತಿ ಆಗುವವರೂ ಇದ್ದಾರೆ. ಅಂಥವರಿಗೆ ನಡೆಯುತ್ತಾ, ಮೂರು ಹೆಜ್ಜೆಗೆ ಎಳೆದು ಐದು ಹೆಜ್ಜೆಗೆ ಬಿಡುವುದು ಹೊಂದುತ್ತದೆ. ಚಿಂತೆ, ನಿದ್ದೆ ಬಾರದಿರುವುದು ವಾರಗಟ್ಟಲೆ ಬಿಡದಿದ್ದರೆ ಉಸಿರಾಟವೊಂದನ್ನೇ ನಂಬಿ ಕೂರಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಒಂದು ದಿನ ತಪ್ಪಿದರೆ ಮರುದಿನ ಮುಂದುವರಿಸಿ. ತಪ್ಪಿದ್ದಕ್ಕೆ ಸೇರಿಸಿ ಅರ್ಧ ಗಂಟೆ ಮಾಡುವುದು ಬೇಡ.

ಇಂಥ ಹೊತ್ತಿನಲ್ಲಿ ಉಸಿರಾಡುತ್ತಾ ಕೂರಬೇಡಿ

ಬಿಪಿ 180/120 ಅಥವಾ ಮೇಲೆ ಬಂದರೆ ಐದು ನಿಮಿಷ ಕುಳಿತು ಮತ್ತೆ ನೋಡಿ. ಹಾಗೇ ಇದ್ದರೆ ಅವತ್ತೇ ಡಾಕ್ಟರನ್ನು ಕಾಣಿ. ಅದರ ಜೊತೆ ಎದೆನೋವು, ಉಬ್ಬಸ, ಮಾತು ತೊದಲುವುದು, ಮುಖ ಒಂದು ಕಡೆ ವಾಲುವುದು, ಕೈಕಾಲಿಗೆ ಶಕ್ತಿ ಇಲ್ಲದಿರುವುದು, ಕಣ್ಣು ಮಂಜಾಗುವುದು, ಹಿಂದೆಂದೂ ಬಾರದಂಥ ತಲೆನೋವು, ಇವುಗಳಲ್ಲಿ ಒಂದಿದ್ದರೂ 108ಕ್ಕೆ ಫೋನ್ ಮಾಡಿ. ಬಿಪಿ ಎಷ್ಟೇ ಇರಲಿ, ಈ ಲಕ್ಷಣಗಳು ಕಂಡರೆ ಒಂದು ನಿಮಿಷವೂ ಕಾಯಬೇಡಿ.

ನೋಟ್‌ಬುಕ್

ಒಂದು ನೂರು ಪುಟದ ನೋಟ್‌ಬುಕ್ ಇಟ್ಟುಕೊಳ್ಳಿ. ದಿನಾಂಕ, ಅಭ್ಯಾಸಕ್ಕೆ ಮುಂಚಿನ ಬಿಪಿ, ಎಷ್ಟು ನಿಮಿಷ ಮಾಡಿದಿರಿ, ರಾತ್ರಿ ನಿದ್ದೆ ಹೇಗಿತ್ತು, ಇಷ್ಟೇ ಬರೆಯಿರಿ. ಮೊದಲ ವಾರ ಬಿಟ್ಟರೆ ದಿನಾ ಅಳೆಯಬೇಕಿಲ್ಲ, ವಾರಕ್ಕೆ ಎರಡು ದಿನ ಸಾಕು. ದಿನಕ್ಕೆ ಹತ್ತು ಸಲ ಅಳೆಯುವುದೇ ಇನ್ನೊಂದು ಟೆನ್ಷನ್ ಆಗುತ್ತದೆ. ಕಮ್ಮಿ ಅಂದರೂ ಎಂಟು ವಾರ ಬರೆದ ಮೇಲೆ ಡಾಕ್ಟರ್ ಹತ್ತಿರ ತಗೊಂಡು ಹೋಗಿ. ಮಾತ್ರೆ ಕಮ್ಮಿ ಮಾಡಬೇಕೋ, ಹಾಗೇ ಇರಬೇಕೋ, ಹೆಚ್ಚಿಸಬೇಕೋ ಎನ್ನುವುದನ್ನು ಅವರೇ ಹೇಳಲಿ. "ನಾರ್ಮಲ್ ಬಂತಲ್ಲ" ಎಂದು ನೀವೇ ನಿಲ್ಲಿಸಬೇಡಿ. ನಾರ್ಮಲ್ ಬಂದಿರುವುದರಲ್ಲಿ ಮಾತ್ರೆಯ ಪಾಲೂ ಇದೆ.

ನನ್ನ ಮೂರನೇ ನೋಟ್‌ಬುಕ್ ಈಗ ಅರ್ಧ ತುಂಬಿದೆ. ಕಳೆದ ತಿಂಗಳ ಸರಾಸರಿ 128/80. ಎರಡಿದ್ದ ಮಾತ್ರೆ ಡಾಕ್ಟರ್ ಹೇಳಿದ ಮೇಲೆ ಒಂದಾಗಿದೆ. ಆ ಒಂದನ್ನು ದಿನಾ ಬೆಳಗ್ಗೆ, ಅಳೆಯುವ ದಿನವಾದರೆ ಅಳೆದ ಮೇಲೆ, ನುಂಗಿ, ಕುರ್ಚಿಯಲ್ಲಿ ಕುಳಿತು, ಮೊದಲ ಉಸಿರು ಬಿಡುತ್ತೇನೆ.